ಮೈದಾನ ಮುಚ್ಚಿದ ವರ್ಷದ ಲೆಕ್ಕ: ಮಕ್ಕಳ ಸಾಕರ್ ಕ್ಲಬ್ಬಿನ ಖಜಾಂಚಿಯಾಗಿ ನನ್ನ ಅನುಭವ

ಅಮೆರಿಕದಲ್ಲಿ ಮಕ್ಕಳ ಸಾಕರ್ ಬಹುಮಟ್ಟಿಗೆ ನಿಂತಿರುವುದು ಪೋಷಕರು ಕಟ್ಟುವ ಶುಲ್ಕದ ಮೇಲೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಲಾಭದ ಉದ್ದೇಶವಿಲ್ಲದ, ಮಧ್ಯಮ ಗಾತ್ರದ ಒಂದು ಕ್ಲಬ್ಬಿಗೆ 2020ರಲ್ಲಿ ನಾನು ಖಜಾಂಚಿಯಾಗಿದ್ದೆ. ಅದು ಸಂಬಳವಿಲ್ಲದ ಕೆಲಸ. ಮಗಳು ಅಲ್ಲಿ ಆಡುತ್ತಿದ್ದಳು, ಲೆಕ್ಕಪತ್ರ ನನ್ನ ವೃತ್ತಿಯಾಗಿತ್ತು, ಹಾಗಾಗಿ ಆಡಳಿತ ಮಂಡಳಿಯವರು ಕೇಳಿದಾಗ ಒಪ್ಪಿಕೊಂಡಿದ್ದೆ. ಕೋವಿಡ್ ಕಾಲದಲ್ಲಿ ಇಂಥ ಕ್ಲಬ್ಬುಗಳು ಎದುರಿಸಿದ ಅನಿಶ್ಚಿತತೆಯ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಮಕ್ಕಳ ಬೇಸರದ ಬಗ್ಗೆ, ಕೈತಪ್ಪಿದ ಪಂದ್ಯಗಳ ಬಗ್ಗೆ ಹೇಳುತ್ತಾರೆ. ಆ ನೋವು ನಿಜವಾದದ್ದೇ. ಆದರೆ ಮೈದಾನ ತೆರೆಯುವ ದಿನ ಬಂದಾಗ ಅಲ್ಲಿ ಕ್ಲಬ್ಬು ಉಳಿದಿರುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾದದ್ದು ಹಣದ ಲೆಕ್ಕದಲ್ಲಿ ಮತ್ತು ಆ ಲೆಕ್ಕವನ್ನು ನಾವು ಪೋಷಕರ ಮುಂದೆ ಇಟ್ಟ ರೀತಿಯಲ್ಲಿ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿಯನ್ನು ಘೋಷಿಸಿತು. ಮರುದಿನವೇ ಮೇಜರ್ ಲೀಗ್ ಸಾಕರ್ ತನ್ನ ಪಂದ್ಯಗಳನ್ನು ಮೂವತ್ತು ದಿನಗಳ ಮಟ್ಟಿಗೆ ನಿಲ್ಲಿಸಿತು, ಮಕ್ಕಳ ಸಾಕರ್ ನಡೆಸುವ ರಾಷ್ಟ್ರೀಯ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಮಾರ್ಚ್ 16ರಂದು, ನಮ್ಮದೂ ಸೇರಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಆರು ಕೌಂಟಿಗಳು ಮನೆಯಲ್ಲೇ ಇರಬೇಕೆಂಬ ಆದೇಶ ಹೊರಡಿಸಿದವು. ಅದು ಆ ನಡುರಾತ್ರಿ ಕಳೆಯುತ್ತಲೇ ಜಾರಿಗೆ ಬಂತು. ಮಾರ್ಚ್ 19ರಂದು ಇಡೀ ರಾಜ್ಯಕ್ಕೇ ಆದೇಶ ಬಂತು. ತಿಂಗಳ ಕೊನೆಗೆ ಬಂದ ಇನ್ನೊಂದು ಆದೇಶದಲ್ಲಿ ಆಟದ ಮೈದಾನಗಳನ್ನು ಹೆಸರಿಸಿಯೇ ಮುಚ್ಚಲಾಗಿತ್ತು. ವಸಂತಕಾಲದ ಲೀಗ್ ಅರ್ಧಕ್ಕೇ ನಿಂತಿತ್ತು. ನಮ್ಮಲ್ಲಿ ಮುಂದಿನ ವರ್ಷದ ತಂಡಗಳ ಆಯ್ಕೆ ನಡೆಯುವುದೂ, ಹೊಸ ಶುಲ್ಕ ಒಳಬರುವುದೂ ಇದೇ ಕಾಲದಲ್ಲಿ. ಹಾಗಾಗಿ ನಿಂತದ್ದು ಒಂದು ಋತುವಿನ ಆಟವಾದರೂ ಏಟು ಬಿದ್ದದ್ದು ಎರಡು ವರ್ಷಗಳ ಆದಾಯಕ್ಕೆ.

ಪೋಷಕರಿಂದ ಮೊದಲ ವಾರದಲ್ಲೇ ಬಂದ ಪ್ರಶ್ನೆ ಒಂದೇ: ಕಟ್ಟಿದ ಹಣ ವಾಪಸು ಬರುತ್ತದೆಯೇ? ನೋಂದಣಿಯ ಕರಾರಿನಲ್ಲಿ ಶುಲ್ಕ ಹಿಂತಿರುಗಿಸುವುದಿಲ್ಲ ಎಂಬ ಸಾಲು ಇತ್ತು. ಅದನ್ನು ತೋರಿಸಿ ಬಾಗಿಲು ಹಾಕಿಕೊಳ್ಳಬಹುದಿತ್ತು, ಕೆಲವು ಕ್ಲಬ್ಬುಗಳು ಹಾಗೆ ಮಾಡಿದವು ಕೂಡ. ನಮ್ಮ ಮಂಡಳಿಯ ಸಭೆಯಲ್ಲಿ ನಾನು ಅದನ್ನು ಬಲವಾಗಿ ವಿರೋಧಿಸಿದೆ. ಒಬ್ಬ ತಂದೆ ಕೆಲಸ ಕಳೆದುಕೊಂಡು ಬಾಡಿಗೆ ಕಟ್ಟಲು ಒದ್ದಾಡುತ್ತಿರುವಾಗ ಕರಾರಿನ ಸಾಲು ತೋರಿಸಿದ ಕ್ಲಬ್ಬಿಗೆ ಮುಂದಿನ ವರ್ಷ ಅವರ ಮಗು ಬರುವುದಿಲ್ಲ, ಬರಲೂಬಾರದು.

ಉತ್ತರ ಕೊಡುವ ಮೊದಲು ನಾನು ವರ್ಷದ ಇಡೀ ಬಜೆಟ್ಟನ್ನು ಬಿಡಿಸಿ, ಪ್ರತಿಯೊಂದು ಖರ್ಚಿನ ಮುಂದೆ ಮೂರು ಅಂಕಣ ಹಾಕಿದೆ. ಮೊದಲನೆಯದರಲ್ಲಿ ಈಗಾಗಲೇ ಕೈಬಿಟ್ಟು ಹೋದ ಹಣ: ರಾಜ್ಯ ಸಂಸ್ಥೆಗೆ ಕಟ್ಟಿದ ನೋಂದಣಿ, ಆಟಗಾರರ ವಿಮೆ, ಜರ್ಸಿಗಳು, ಲೀಗಿನ ಪ್ರವೇಶ ಶುಲ್ಕ. ಎರಡನೆಯದರಲ್ಲಿ ಆಟ ನಿಂತರೆ ನಮಗೇ ಉಳಿಯುವ ಹಣ: ಗಂಟೆಯ ಲೆಕ್ಕದಲ್ಲಿ ನಗರಸಭೆಗೂ ಶಾಲಾ ಮಂಡಳಿಗೂ ಕೊಡುವ ಮೈದಾನದ ಬಾಡಿಗೆ, ರೆಫರಿಗಳ ಸಂಭಾವನೆ, ದೀಪದ ಖರ್ಚು. ಮೂರನೆಯದರಲ್ಲಿ ಆಟ ನಿಂತರೂ ಕಟ್ಟಬೇಕಾದ ಹಣ, ಅಂದರೆ ಮುಖ್ಯವಾಗಿ ತರಬೇತುದಾರರ ಸಂಬಳ. ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದೇ. ಹೀಗೆ ಬಿಡಿಸಿದಾಗ, ಎರಡನೆಯ ಅಂಕಣದ ಹಣ ಪೋಷಕರದೇ ಎಂಬುದು ತಾನಾಗಿ ಸ್ಪಷ್ಟವಾಯಿತು. ಅದನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಪ್ರತಿ ಕುಟುಂಬಕ್ಕೂ ಮೂರು ಆಯ್ಕೆ ಕೊಟ್ಟೆವು: ಹಣ ವಾಪಸು ಪಡೆಯಬಹುದು, ಮುಂದಿನ ವರ್ಷದ ಶುಲ್ಕಕ್ಕೆ ಜಮಾ ಮಾಡಿಸಬಹುದು, ಅಥವಾ ಶುಲ್ಕ ಕಟ್ಟಲಾಗದ ಮಕ್ಕಳಿಗಾಗಿ ಕ್ಲಬ್ಬಿನಲ್ಲಿರುವ ಸಹಾಯ ನಿಧಿಗೆ ಬಿಡಬಹುದು. ಮೂರೂ ಅಂಕಣಗಳ ಪೂರ್ತಿ ಪಟ್ಟಿಯನ್ನು ಪತ್ರದ ಜೊತೆ ಕಳಿಸಿದೆವು. ಸಂಬಳದ ಮೊತ್ತವನ್ನು ಬಯಲಿಗಿಡುವುದು ಬೇಡ ಎಂದು ಮಂಡಳಿಯಲ್ಲಿ ಇಬ್ಬರು ಹಿಂಜರಿದರು. ಒಬ್ಬೊಬ್ಬರ ಸಂಬಳ ಹೇಳದೆ ಒಟ್ಟು ಮೊತ್ತ ಮಾತ್ರ ಹೇಳುವುದೆಂದು ತೀರ್ಮಾನವಾಯಿತು. ಆ ಪಟ್ಟಿ ಹೋದ ಮೇಲೆ ಸಿಟ್ಟಿನ ಪತ್ರಗಳು ಬಹಳ ಮಟ್ಟಿಗೆ ನಿಂತವು. ಸಹಾಯ ನಿಧಿಗೆ ಹಣ ಬಿಟ್ಟವರು ನಾನು ಎಣಿಸಿದ್ದಕ್ಕಿಂತ ಹೆಚ್ಚು.

ಆ ಪತ್ರದಲ್ಲಿ ನಾವು ಇನ್ನೊಂದು ನಿಯಮ ಪಾಲಿಸಿದೆವು, ಅದನ್ನು ಕೊನೆಯವರೆಗೂ ಬಿಡಲಿಲ್ಲ. ತರಬೇತಿ ಮತ್ತೆ ಶುರುವಾಗುವ ದಿನಾಂಕವನ್ನು ನಾವು ಎಂದೂ ಹೇಳಲಿಲ್ಲ. ಅದರ ಬದಲು, ಯಾವ ಯಾವ ಷರತ್ತುಗಳು ಪೂರ್ತಿಯಾದರೆ ಶುರು ಮಾಡುತ್ತೇವೆ ಎಂದು ಹೇಳಿದೆವು: ಕೌಂಟಿಯ ಆರೋಗ್ಯಾಧಿಕಾರಿಯ ಆದೇಶದಲ್ಲಿ ಅವಕಾಶವಿರಬೇಕು, ಮೈದಾನದ ಮಾಲೀಕರು ಪರವಾನಗಿ ಕೊಡಬೇಕು, ನಮ್ಮ ಮೇಲಿನ ಸಂಸ್ಥೆಯ ವಿಮೆ ಆ ಚಟುವಟಿಕೆಗೆ ಅನ್ವಯಿಸಬೇಕು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಇಲ್ಲ. ‘ಏಪ್ರಿಲ್ ಮಧ್ಯದಲ್ಲಿ’, ‘ಮೇ ಮೊದಲ ವಾರ’ ಎಂದು ಮತ್ತೆ ಮತ್ತೆ ದಿನಾಂಕ ಮುಂದೂಡಿದ ಕಡೆಗಳಲ್ಲಿ ಮಕ್ಕಳು ಪ್ರತಿ ಸಲವೂ ಬೂಟು ತೆಗೆದಿಟ್ಟುಕೊಂಡು ಕಾದು ಸೋತದ್ದನ್ನು ನಾನು ನೋಡಿದ್ದೇನೆ.

ಸಂಬಳದ ವಿಷಯದಲ್ಲಿ ಒಂದು ಅನುಕೂಲ ಒದಗಿಬಂತು. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದ ಜಾರಿಗೆ ಬಂದ ಎಬಿ 5 ಕಾನೂನಿನಿಂದಾಗಿ, ಅಲ್ಲಿಯವರೆಗೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ತರಬೇತುದಾರರನ್ನು ನಾವು ನೌಕರರಾಗಿ ಸೇರಿಸಿಕೊಂಡಿದ್ದೆವು. ಆಗ ಅದು ಭಾರವೆನಿಸಿತ್ತು, ಏಕೆಂದರೆ ತೆರಿಗೆ ಮತ್ತು ವಿಮೆಯ ಖರ್ಚು ಏರಿತ್ತು. ಆದರೆ ಕೋವಿಡ್ ನೆರವಿಗಾಗಿ ಮಾರ್ಚ್ 27ರಂದು ಸಹಿಯಾದ ಕೇರ್ಸ್ ಕಾಯ್ದೆಯಡಿ ಸಣ್ಣ ಉದ್ಯಮಗಳಿಗೂ ಲಾಭರಹಿತ ಸಂಸ್ಥೆಗಳಿಗೂ ಸಿಗಲಿದ್ದ, ನಿಗದಿತ ಅವಧಿಯಲ್ಲಿ ಮುಖ್ಯವಾಗಿ ಸಂಬಳಕ್ಕೆ ಬಳಸಿದರೆ ಮನ್ನಾ ಆಗುವ ಸಾಲದ ಮೊತ್ತ ತಿಂಗಳ ಸರಾಸರಿ ಸಂಬಳದ ಎರಡೂವರೆ ಪಟ್ಟು ಎಂದು ನಿಗದಿಯಾಗಿತ್ತು, ಮತ್ತು ಗುತ್ತಿಗೆಯವರಿಗೆ ಕೊಟ್ಟ ಹಣ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಏಪ್ರಿಲ್ 3ರಂದು ತೆರೆದ ಮೊದಲ ಕಂತಿನ 349 ಶತಕೋಟಿ ಡಾಲರ್ ಏಪ್ರಿಲ್ 16ಕ್ಕೆ ಮುಗಿದೇಹೋಯಿತು. ನಮ್ಮ ಅರ್ಜಿ ಆಗಿನ್ನೂ ಬ್ಯಾಂಕಿನಲ್ಲಿ ಕೂತಿತ್ತು. ಎರಡನೆಯ ಕಂತಿನಲ್ಲಿ ಸಾಲ ಮಂಜೂರಾಯಿತು. ಜೂನ್ 5ರ ತಿದ್ದುಪಡಿ ಬಂದು, ಹಣ ಬಳಸುವ ಅವಧಿ ಎಂಟು ವಾರದಿಂದ ಇಪ್ಪತ್ನಾಲ್ಕು ವಾರಕ್ಕೆ ಏರಿದ ಮೇಲೆ ನಮಗೆ ಉಸಿರಾಡಲು ಜಾಗ ಸಿಕ್ಕಿತು. ಒಬ್ಬ ತರಬೇತುದಾರರನ್ನೂ ಕೆಲಸದಿಂದ ತೆಗೆಯಲಿಲ್ಲ ಎಂಬ ತೃಪ್ತಿ ನನಗೆ ಇಂದಿಗೂ ಇದೆ. ಆದರೆ ವಾರಾಂತ್ಯಗಳಲ್ಲಿ ರೆಫರಿ ಕೆಲಸ ಮಾಡಿ ಕೈಖರ್ಚಿಗೆ ಸಂಪಾದಿಸುತ್ತಿದ್ದ ಹದಿನೈದು ಹದಿನಾರರ ಹುಡುಗ ಹುಡುಗಿಯರಿಗೆ ನಾವು ಏನನ್ನೂ ಮಾಡಲಾಗಲಿಲ್ಲ.

ನನಗೆ ಅತ್ಯಂತ ಕಷ್ಟವಾದದ್ದು ಫೋನಿನ ಕೆಲಸ. ಸಿಲಿಕಾನ್ ವ್ಯಾಲಿ ಎಂದರೆ ಎಲ್ಲರೂ ಕಂಪ್ಯೂಟರ್ ಮುಂದೆ ಕೂತು ಮನೆಯಿಂದಲೇ ದುಡಿಯುವವರು ಎಂದು ದೂರದವರು ತಿಳಿಯುತ್ತಾರೆ. ನಮ್ಮ ತಂಡಗಳಲ್ಲಿ ಹಾಗೆ ದುಡಿಯುವವರ ಮಕ್ಕಳೂ ಇದ್ದರು. ಹೋಟೆಲಿನ ಅಡುಗೆಮನೆಯಲ್ಲಿ, ಕಟ್ಟಡಗಳ ಸ್ವಚ್ಛತೆಯಲ್ಲಿ, ತೋಟಗಾರಿಕೆಯಲ್ಲಿ ದುಡಿಯುವವರ ಮಕ್ಕಳೂ ಇದ್ದರು. ಮೊದಲ ವರ್ಗದವರಿಗೆ ಬೇಕಿದ್ದದ್ದು ವಿವರಣೆ. ಎರಡನೆಯ ವರ್ಗದವರು ಏನನ್ನೂ ಕೇಳುತ್ತಿರಲಿಲ್ಲ. ಸುಮ್ಮನೆ ಗುಂಪಿನಿಂದ ಮರೆಯಾಗುತ್ತಿದ್ದರು. ಶುಲ್ಕದ ಕಂತು ತಪ್ಪಿದ ಮನೆಗಳಿಗೆ ಪತ್ರ ಕಳಿಸುವುದನ್ನು ನಿಲ್ಲಿಸಿ, ಸ್ಪ್ಯಾನಿಷ್ ಬಲ್ಲ ತರಬೇತುದಾರರೊಬ್ಬರನ್ನು ಜೊತೆಗಿಟ್ಟುಕೊಂಡು ಫೋನ್ ಮಾಡತೊಡಗಿದೆ. ಒಬ್ಬ ತಾಯಿ, ಮಗನ ಜರ್ಸಿಯನ್ನು ಒಗೆದು ಮಡಚಿಟ್ಟಿದ್ದೇನೆ, ಎಲ್ಲಿಗೆ ತಂದುಕೊಡಲಿ ಎಂದು ಕೇಳಿದರು. ಹಣ ಕಟ್ಟದಿದ್ದರೆ ಜರ್ಸಿ ವಾಪಸು ಕೊಡಬೇಕೆಂದು ಅವರು ತಿಳಿದಿದ್ದರು. ಆ ಮಾತು ಕೇಳಿದ ಮೇಲೆ, ಕಂತು ತಪ್ಪಿದ ಯಾವ ಮಗುವಿನ ಹೆಸರನ್ನೂ ತಂಡದ ಪಟ್ಟಿಯಿಂದ ತೆಗೆಯಬಾರದು ಎಂಬ ಠರಾವನ್ನು ಮುಂದಿನ ಸಭೆಯಲ್ಲೇ ಮಾಡಿಸಿದೆ. ಸಹಾಯ ಕೇಳುವ ಅರ್ಜಿಯೊಂದಿಗೆ ಆದಾಯದ ದಾಖಲೆ ಕೊಡಬೇಕೆಂಬ ನಿಯಮವನ್ನೂ ಆ ವರ್ಷಕ್ಕೆ ಕೈಬಿಟ್ಟೆವು.

ಕನ್ನಡದ ಮನೆಗಳಿಂದ ಬರುತ್ತಿದ್ದ ಕರೆಗಳ ಧಾಟಿ ಬೇರೆ. ‘ಸರ್, ದುಡ್ಡಿನ ಮಾತು ಬಿಡಿ. ಇವನು ಬೆಳಗಿಂದ ಗ್ಯಾರೇಜ್ ಗೋಡೆಗೆ ಬಾಲ್ ಒದೀತಾನೇ ಇರ್ತಾನೆ, ಒಳಗೆ ನಾವಿಬ್ಬರೂ ಮೀಟಿಂಗಲ್ಲಿರ್ತೀವಿ. ಕೋಚ್ ಹತ್ರ ಏನಾದ್ರೂ ಕೆಲಸ ಕೊಡಿಸಿ’ ಎಂದು ಹಾಸನ ಕಡೆಯ ತಾಯಿಯೊಬ್ಬರು ಹೇಳಿದರು. ಆ ಕೆಲಸ ಕೊಡುವ ಪ್ರಯತ್ನವೇ ಆನ್‌ಲೈನ್ ತರಬೇತಿ. ಪರದೆಯ ಮೇಲೆ ಒಂದು ತಂಡದ ಮಕ್ಕಳು ಅಂಗಳದಲ್ಲೋ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೋ ನಿಂತು ಚೆಂಡನ್ನು ನೆಲಕ್ಕೆ ಬೀಳದಂತೆ ಕಾಲಲ್ಲಿ ಪುಟಿಸುತ್ತಿದ್ದರು. ಚಿಕ್ಕವರಿಗೆ ಅದು ಕೆಲವು ವಾರ ಹಿಡಿಸಿತು. ಹದಿಮೂರು ದಾಟಿದವರು ಬೇಗ ಕ್ಯಾಮೆರಾ ಮುಚ್ಚಿದರು. ಸಾಕರ್ ಕಲಿಯುವುದು ಎದುರಾಳಿಯ ಒತ್ತಡದಲ್ಲಿ, ಜೊತೆಯವನ ಓಟ ನೋಡಿ, ಕ್ಷಣದಲ್ಲಿ ನಿರ್ಧರಿಸುವುದರಿಂದ. ಒಂಟಿಯಾಗಿ ಚೆಂಡು ಪುಟಿಸಿ ಅದು ಬರುವುದಿಲ್ಲ, ಇದು ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಏಪ್ರಿಲ್ 15ರಂದು ಬಂದ ಸುದ್ದಿ ಇಡೀ ವ್ಯವಸ್ಥೆಯನ್ನೇ ಅಲುಗಾಡಿಸಿತು. 2007ರಿಂದ ನಡೆದುಬಂದಿದ್ದ, ಮಕ್ಕಳ ಸಾಕರಿನ ಮೇಲ್ಮಟ್ಟದ ಲೀಗ್ ಆದ ಡೆವಲಪ್‌ಮೆಂಟ್ ಅಕಾಡೆಮಿಯನ್ನು ಯು.ಎಸ್. ಸಾಕರ್ ಫೆಡರೇಶನ್ ಅಂದೇ ಮುಚ್ಚಿತು. ಮಹಾಮಾರಿ ತಂದ ಹಣದ ಮುಗ್ಗಟ್ಟನ್ನು ಕಾರಣವಾಗಿ ಹೇಳಿತು. ನಮ್ಮದು ಆ ಮಟ್ಟದ ಕ್ಲಬ್ಬಲ್ಲ. ಆದರೆ ಮೇಲಿನ ಲೀಗ್ ಇಲ್ಲವಾದಾಗ ದೊಡ್ಡ ಕ್ಲಬ್ಬುಗಳು ಹೊಸ ಲೀಗುಗಳಲ್ಲಿ ಜಾಗ ಹುಡುಕಿದವು, ಅವುಗಳಲ್ಲಿ ಸ್ಥಾನ ಸಿಗದ ಮಕ್ಕಳು ನಮ್ಮ ಕಡೆ ನೋಡಿದರು, ನಮ್ಮ ಒಳ್ಳೆಯ ಆಟಗಾರರಿಗೆ ಬೇರೆಡೆಯಿಂದ ಕರೆ ಬಂದವು. ಮೈದಾನದಲ್ಲಿ ಆಡಿಸಿ ನೋಡಿ ಆಯ್ಕೆ ಮಾಡುವ ಹಾಗೆಯೂ ಇರಲಿಲ್ಲ. ಆ ವರ್ಷ ನಾವು ಹಿಂದಿನ ತಂಡಗಳನ್ನೇ ಒಂದು ವಯಸ್ಸು ಮುಂದಕ್ಕೆ ದಾಟಿಸಿದೆವು, ಖಾಲಿ ಬಿದ್ದ ಸ್ಥಾನಗಳನ್ನು ಮಾತ್ರ ತರಬೇತುದಾರರ ಟಿಪ್ಪಣಿ ನೋಡಿ ತುಂಬಿದೆವು. ಹೊಸ ವರ್ಷದ ಶುಲ್ಕವನ್ನು ಮೂರು ತುಂಡು ಮಾಡಿದೆವು: ನೋಂದಣಿಗೆ ಒಂದು, ಗುಂಪು ತರಬೇತಿ ನಡೆದ ತಿಂಗಳಿಗೆ ಒಂದು, ಪಂದ್ಯಗಳು ಶುರುವಾದರೆ ಮಾತ್ರ ಒಂದು. ಆದಾಯ ಇಳಿಯಿತು, ಕೂಡಿಟ್ಟ ಮೀಸಲು ಹಣ ಬಹುತೇಕ ಕರಗಿತು. ನಡೆಯದ ಆಟಕ್ಕೆ ಹಣ ಕೇಳುವುದಕ್ಕಿಂತ ಅದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೌಂಟಿ ಮೊದಲು ಒಪ್ಪಿದ್ದು ಹನ್ನೆರಡು ಮಕ್ಕಳನ್ನು ಮೀರದ ಸ್ಥಿರ ಗುಂಪುಗಳ ಬೇಸಿಗೆ ಶಿಬಿರಗಳಿಗೆ. ನಗರದ ಪರವಾನಗಿ ಕೈಗೆ ಬಂದ ಮೇಲೆ ನಾವೂ ಅದೇ ಮಾದರಿಯಲ್ಲಿ ಶುರು ಮಾಡಿದೆವು. ಮೈದಾನದ ಅಂಚಿನಲ್ಲಿ ಆರಾರು ಅಡಿಗೆ ಒಂದರಂತೆ ಕಿತ್ತಳೆ ಬಣ್ಣದ ಕೋನ್‌ಗಳು, ಪ್ರತಿ ಕೋನಿನ ಹಿಂದೆ ಒಂದು ಮಗುವಿನ ಚೀಲ, ನೀರಿನ ಬಾಟಲಿ, ಹೆಸರು ಬರೆದ ಸ್ವಂತ ಚೆಂಡು. ಕೋನ್‌ಗಳನ್ನು ತರಬೇತುದಾರರು ಮಾತ್ರ ಮುಟ್ಟಬೇಕು, ಚೆಂಡನ್ನು ಯಾರೂ ಕೈಯಿಂದ ಎತ್ತಬಾರದು, ತಲೆಯಿಂದ ಹೊಡೆಯಬಾರದು, ಮೇಲಂಗಿ ಹಂಚಿಕೊಳ್ಳಬಾರದು. ಗೋಲ್‌ಕೀಪರ್ ಹುಡುಗಿಯೊಬ್ಬಳು ಕೈಗವಸು ಹಾಕಿಕೊಂಡೇ ಬಂದು, ಆ ಸಂಜೆಯಿಡೀ ಎಲ್ಲರಂತೆ ಕಾಲಲ್ಲೇ ಚೆಂಡು ತಳ್ಳಿದಳು; ಕೈಗವಸನ್ನು ಮಾತ್ರ ಕಳಚಲಿಲ್ಲ. ಜೂನ್ 27ರಂದು ಯೂಟಾದಲ್ಲಿ ವೃತ್ತಿಪರ ಮಹಿಳೆಯರ ಚಾಲೆಂಜ್ ಕಪ್ ಶುರುವಾದಾಗ, ಅವರು ಆಡಬಹುದಾದರೆ ನಾವೇಕೆ ಆಡಬಾರದು ಎಂದು ಮಕ್ಕಳು ಕೇಳಿದರು. ಅವರನ್ನು ಒಂದೇ ಕಡೆ ಇಟ್ಟು ಪದೇ ಪದೇ ಪರೀಕ್ಷೆ ಮಾಡುತ್ತಾರೆ ಎಂದು ತರಬೇತುದಾರರು ತಾಳ್ಮೆಯಿಂದ ವಿವರಿಸಿದರು.

ಆಗಸ್ಟ್ ಮೊದಲಲ್ಲಿ ಬಂದ ರಾಜ್ಯದ ಮಾರ್ಗಸೂಚಿ ಅಂತರ ಕಾಯ್ದುಕೊಂಡ ತರಬೇತಿಗೆ ಅವಕಾಶ ಕೊಟ್ಟು ಪಂದ್ಯಗಳನ್ನು ನಿಷೇಧಿಸಿತು. ಅಷ್ಟರಲ್ಲಿ ಕಾಡ್ಗಿಚ್ಚಿನ ಹೊಗೆ ಕವಿಯಿತು. ವಾಯು ಗುಣಮಟ್ಟದ ಸೂಚ್ಯಂಕ 150 ದಾಟಿದರೆ ತರಬೇತಿ ಇಲ್ಲ ಎಂಬ ನಿಯಮ ನಮ್ಮಲ್ಲಿತ್ತು. ಆ ಕಾರಣಕ್ಕೆ ಸಿಕ್ಕ ಸ್ವಲ್ಪ ಸಮಯದಲ್ಲೂ ಎಷ್ಟೋ ಸಂಜೆಗಳು ಹೋದವು. ಸೆಪ್ಟೆಂಬರ್ 9ರಂದು ಬೇ ಏರಿಯಾದ ಆಕಾಶವೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಚಳಿಗಾಲದಲ್ಲಿ ಬೇರೊಂದು ಒತ್ತಡ ಬಂತು. ಆರಿಜೋನಾದಲ್ಲಿ ಟೂರ್ನಿಗಳು ನಡೆಯುತ್ತಿದ್ದವು, ಕ್ಯಾಲಿಫೋರ್ನಿಯಾದ ಹಲವು ತಂಡಗಳು ಗಡಿ ದಾಟಿ ಆಡಲು ಹೋದವು. ನಮ್ಮ ಹಿರಿಯ ತಂಡದ ಪೋಷಕರಲ್ಲಿ ಕೆಲವರು, ಕಾಲೇಜಿನ ಆಯ್ಕೆದಾರರ ಕಣ್ಣಿಗೆ ಬೀಳುವ ವರ್ಷ ಇದು, ಇದನ್ನು ಕಳೆದುಕೊಂಡರೆ ಮತ್ತೆ ಸಿಗದು ಎಂದರು. ಅವರ ಆತಂಕದಲ್ಲಿ ಸತ್ಯವಿತ್ತು. ಆದರೆ ನಮ್ಮ ಕೌಂಟಿಯ ಆಸ್ಪತ್ರೆಗಳು ತುಂಬಿದ್ದ ದಿನಗಳವು, ತಂಡದ ಕೆಲವು ಮಕ್ಕಳ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರು. ಪತ್ರದಲ್ಲಿ ಬರೆದಿದ್ದ ಮೂರು ಷರತ್ತುಗಳನ್ನೇ ಮತ್ತೆ ಓದಿ, ಕ್ಲಬ್ಬಿನ ಹೆಸರಿನಲ್ಲಿ ಯಾರೂ ಹೋಗುವಂತಿಲ್ಲ ಎಂದು ಮಂಡಳಿ ತೀರ್ಮಾನಿಸಿತು. ಎರಡು ಕುಟುಂಬಗಳು ಆ ಕಾರಣಕ್ಕೆ ಬೇರೆ ಕ್ಲಬ್ಬಿಗೆ ಹೋದವು. ತಡೆಯಲಿಲ್ಲ, ಅವರಿಗೆ ಸಲ್ಲಬೇಕಿದ್ದ ಹಣವನ್ನು ಅದೇ ವಾರ ಕಳಿಸಿದೆ.

2021ರ ಫೆಬ್ರವರಿ 19ರಂದು ರಾಜ್ಯ ನಿಯಮ ಸಡಿಲಿಸಿತು: ಲಕ್ಷ ಜನರಿಗೆ ದಿನಕ್ಕೆ 14ಕ್ಕಿಂತ ಹೆಚ್ಚು ಹೊಸ ಪ್ರಕರಣಗಳಿಲ್ಲದ ಕೌಂಟಿಗಳಲ್ಲಿ, ಫೆಬ್ರವರಿ 26ರಿಂದ, ಹೊರಾಂಗಣದ ಸಂಪರ್ಕ ಕ್ರೀಡೆಗಳು ನಡೆಯಬಹುದು. ಮಾರ್ಚ್‌ನಲ್ಲಿ ನಮ್ಮ ತಂಡಗಳು ಮಾಸ್ಕ್ ಹಾಕಿಕೊಂಡು ಪಂದ್ಯವಾಡಿದವು. ಕೆಲವು ವಯೋಮಾನಗಳಲ್ಲಿ ಮಕ್ಕಳು ಸಾಲದೆ ಎರಡು ತಂಡಗಳನ್ನು ಸೇರಿಸಿ ಒಂದು ಮಾಡಬೇಕಾಯಿತು. ಹದಿನೈದು ದಾಟಿದ ಹುಡುಗಿಯರಲ್ಲಿ ಆಟ ಬಿಟ್ಟವರು ಹೆಚ್ಚು, ಅವರಲ್ಲಿ ಬಹಳ ಮಂದಿ ಮತ್ತೆ ಬರಲಿಲ್ಲ. ಆ ನಷ್ಟ ನನ್ನ ಯಾವ ಅಂಕಣದಲ್ಲೂ ಹಿಡಿಯುವಂಥದಲ್ಲ. ಜರ್ಸಿ ಮಡಚಿಟ್ಟಿದ್ದ ಮನೆಯ ಹುಡುಗ ಬಂದ, ಆದರೆ ಜರ್ಸಿ ಅವನಿಗೆ ಆಗಲೇ ಗಿಡ್ಡವಾಗಿತ್ತು, ಬೇರೆ ಕೊಟ್ಟೆವು.

ಖಜಾಂಚಿಯ ಕೆಲಸ ಬಿಡುವ ಮೊದಲು ಎರಡು ವಿಷಯಗಳನ್ನು ಕ್ಲಬ್ಬಿನ ನಿಯಮಾವಳಿಗೇ ಸೇರಿಸಿದೆ. ಮೂರು ತಿಂಗಳ ಸಂಬಳಕ್ಕೆ ಸಾಕಾಗುವಷ್ಟು ಮೀಸಲು ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡತಕ್ಕದ್ದು, ಅದಕ್ಕೆ ಕೈಹಾಕಲು ಮಂಡಳಿಯ ಮೂರನೆಯ ಎರಡರಷ್ಟು ಮತ ಬೇಕು. ‘ಶುಲ್ಕ ಹಿಂತಿರುಗಿಸುವುದಿಲ್ಲ’ ಎಂಬ ಸಾಲಿನ ಬದಲು, ಆಟ ನಿಂತರೆ ಶುಲ್ಕದ ಯಾವ ಭಾಗ ವಾಪಸು ಬರುತ್ತದೆ, ಯಾವುದು ಬರುವುದಿಲ್ಲ, ಯಾಕೆ ಎಂಬ ವಿವರ ಕರಾರಿನ ಮೊದಲ ಪುಟದಲ್ಲೇ ಇರಬೇಕು. ಈಗ ಮಗುವನ್ನು ಸೇರಿಸಲು ಬರುವ ಪೋಷಕರು ಸಹಿ ಹಾಕುವುದು ಆ ಪುಟಕ್ಕೆ.