ಮಳೇಲೂ ಕೈ ಕೊಡದ ಕೇಬಲ್ ಜಾಯಿಂಟ್: ನನ್ನ ಅನುಭವ

ಕೊಡಗಲ್ಲಿ ಹೋಂಸ್ಟೇ, ಎಸ್ಟೇಟ್ ಕ್ಯಾಮೆರಾ ಕೆಲಸ ಮಾಡೋರಿಗೆ ಗೊತ್ತೇ ಇರುತ್ತೆ, ಬೇಸಿಗೇಲಿ ಹಾಕಿದ ಪಾಯಿಂಟುಗಳು (ಒಂದೊಂದು ಕ್ಯಾಮೆರಾ ಕನೆಕ್ಷನ್) ಜುಲೈ ಮಳೆ ಹಿಡಿದ್ರೆ ಒಂದೊಂದಾಗಿ ಕೈ ಕೊಡ್ತವೆ. ಕೇಬಲ್ ಟೆಸ್ಟರಲ್ಲಿ ಎಂಟೂ ವೈರಿನ ಲೈಟ್ ಬರುತ್ತೆ, ಆದ್ರೆ ರಾತ್ರಿ ಐಆರ್ (ಕತ್ತಲಲ್ಲಿ ಕಾಣೋಕೆ ಕ್ಯಾಮೆರಾದ ದೀಪ) ಆನ್ ಆಗಿ ಕರೆಂಟ್ ಜಾಸ್ತಿ ಎಳೆದ ತಕ್ಷಣ ಕ್ಯಾಮೆರಾ ರೀಸ್ಟಾರ್ಟ್. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗಿ ಬರೋಕೆ ಎಪ್ಪತ್ತು ಕಿಲೋಮೀಟರ್ ಹತ್ರ, ಸರ್ವಿಸ್ ಫ್ರೀ ಅಂತ ಬೇರೆ ಹೇಳಿರ್ತೀವಿ, ಪೆಟ್ರೋಲಿಗೇ ಲಾಭ ಪೂರ್ತಿ ಹೋಯ್ತು.

ತೊಂದರೆ ಇದ್ದದ್ದು ಮುನ್ನೂರು ರೂಪಾಯಿ ಕ್ರಿಂಪರಲ್ಲಿ, ಅಂದ್ರೆ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸೋ ಇಕ್ಕಳದಲ್ಲಿ. ಅದರ ದವಡೆ ಒಂದು ಕಡೆ ವಾಲುತ್ತೆ, ಪ್ಲಗ್ಗಿನ ಒಂದನೇ ಪಿನ್ ಪೂರ್ತಿ ಕೂತ್ರೂ ಎಂಟನೇದು ಕೂದಲೆಳೆ ಮೇಲೇ ನಿಂತಿರುತ್ತೆ, ಉಗುರಲ್ಲಿ ಸವರಿ ನೋಡಿ ಬೇಕಿದ್ರೆ. ನೀಲಿ-ಕಂದು ಜೋಡೀಲಿ ಪವರ್ ಕಳಿಸೋ ಪಿಓಇ (ನೆಟ್‌ವರ್ಕ್ ಕೇಬಲಲ್ಲೇ ಕ್ಯಾಮೆರಾಗೆ ಕರೆಂಟ್ ಕೊಡೋದು) ಆದ್ರಂತೂ ಪೆಟ್ಟು ಸೀದಾ ಕಂದು ವೈರ್ ಕೂರೋ ಆ ಎಂಟನೇ ಪಿನ್ನಿಗೇ.

ಎರಡು ಸಾವಿರದ ಆಸುಪಾಸು ಕೊಟ್ಟು ರ‍್ಯಾಚೆಟ್ ಕ್ರಿಂಪರ್ ತಗೊಂಡಾಗ ಜೊತೇಲಿದ್ದೋರೆಲ್ಲ ನಕ್ರು. ಪೂರ್ತಿ ಒತ್ತೋ ತನಕ ಅದು ಬಾಯೇ ಬಿಡಲ್ಲ, ಅಷ್ಟೇ ಬೇಕಾಗಿದ್ದು. ಪ್ಲಗ್ಗೂ ಸಾಲಿಡ್ ವೈರಿಗೆ (ಒಳಗೆ ಒಂದೇ ಗಟ್ಟಿ ಎಳೆ ಇರೋದು) ಅಂತಲೇ ಮಾಡಿದ್ದು ಬೇಕು, ಪ್ರತಿ ಪಿನ್ನಿಗೂ ಮೂರು ಹಲ್ಲಿರೋದು. ಪಾಸ್-ಥ್ರೂ ಪ್ಲಗ್ (ವೈರ್ ಮುಂದಿಂದ ಆಚೆ ಬರುತ್ತೆ, ಕ್ರಿಂಪರ್ ಬ್ಲೇಡ್ ಅದನ್ನ ಕತ್ತರಿಸುತ್ತೆ) ಒಂದಷ್ಟು ಹಾಕಿ ನೋಡ್ದೆ, ಬೇಗ ಆಗುತ್ತೆ ನಿಜ, ಆದ್ರೆ ಮುಂದೆ ಕತ್ತರಿಸಿದ ತಾಮ್ರ ಬಯಲಲ್ಲೇ ಇರೋದು, ಒಂದು ಮಳೆಗಾಲಕ್ಕೆ ಹಸಿರು ಕಿಲುಬು. ಬ್ಲೇಡ್ ಮೊಂಡಾದ್ರೆ ಪಕ್ಕದ ವೈರಿಗೂ ತಾಗುತ್ತೆ.

ಈಗ ಹೊರಗಡೆ ಪ್ಲಗ್ಗೇ ಹೊಡಿಯಲ್ಲ. ಕ್ಯಾಮೆರಾ ಹತ್ರದ ಬಾಕ್ಸೊಳಗೆ ಕೀಸ್ಟೋನ್ ಜ್ಯಾಕ್ (ಕೇಬಲಿನ ವೈರುಗಳನ್ನ ಗುದ್ದಿ ಕೂರಿಸೋ ಸಾಕೆಟ್), ಅಲ್ಲಿಂದ ಕ್ಯಾಮೆರಾಗೆ ಫ್ಯಾಕ್ಟರಿ ಪ್ಯಾಚ್ ಕಾರ್ಡ್, ಅಂದ್ರೆ ಪ್ಲಗ್ ಹಾಕೇ ಬರೋ ಸಣ್ಣ ಕೇಬಲ್. ವೈರ್ ಗುದ್ದೋ ಪಂಚ್ ಟೂಲಿಗೆ 110 ಅನ್ನೋ ಬ್ಲೇಡೇ ಹಾಕಿ, ಕ್ರೋನ್ ಅನ್ನೋ ಇನ್ನೊಂದು ಥರದ ಬ್ಲೇಡಲ್ಲಿ ಗುದ್ದಿದ್ರೆ ಸ್ಲಾಟ್ ಹಾಳು. ಹೆಣೆದ ವೈರ್ ಜೋಡಿ ಬಿಚ್ಚೋದು 13 ಎಂಎಂ ಒಳಗೇ ಇರ್ಲಿ. ತೇವ ಹೀರೋಕೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೋಡ್ದೆ, ನಮ್ಮ ಮಳೆಗೆ ಅದು ಕೆಲವೇ ವಾರದಲ್ಲಿ ನೀರು ಕುಡಿದು ಸುಮ್ನಾಗುತ್ತೆ, ಅದರ ಬದಲು ನೀರು ಇಳಿದು ಹೋಗೋಕೆ ಬಾಕ್ಸಿನ ತಳಕ್ಕೆ ಸಣ್ಣ ತೂತು ಕೊರೆದಿದ್ದೇ ವಾಸಿ. ಜ್ಯಾಕ್ ಬಾಯಿಗೆ ಏನು ಸವರ್ತೀನಿ ಅಂತ ಮಾತ್ರ ಕೇಳಬೇಡಿ, ಅದು ನನ್ ಹೊಟ್ಟೆಪಾಡು.

ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಕೇಬಲ್ ತಂದ್ರೆ ಯಾವ ಟೂಲೂ ಕಾಪಾಡಲ್ಲ, ಅಂಥ ಕೆಲಸ ನಾನು ಒಪ್ಪೋದೂ ಇಲ್ಲ.

ಹೋದ ಮಳೆಗಾಲ ಹೊಸ ಪದ್ಧತೀಲಿ ಮಾಡಿದ ಒಂದೇ ಒಂದು ಪಾಯಿಂಟಿಂದಲೂ ಫೋನ್ ಬರ್ಲಿಲ್ಲ. ಪಾಯಿಂಟಿಗೆ ಇನ್ನೂರು-ಇನ್ನೂರೈವತ್ತು ಜಾಸ್ತಿ ಕೇಳ್ತೀನಿ, ಎಸ್ಟೇಟಿನೋರು ಚೌಕಾಸಿ ಮಾಡ್ತಾರೆ, ಆಮೇಲೆ ಕೊಡ್ತಾರೆ.