ಡಿ ಆನ್ಜಾ ಕಾಲೇಜಿನ ಮತಗಳನ್ನು ಬೀದಿ ಬೀದಿಯಾಗಿ ಲೆಕ್ಕ ಹಾಕಿದ್ದು

ಕ್ಯಾಲಿಫೋರ್ನಿಯಾದ ಕ್ಯೂಪರ್ಟಿನೊದಲ್ಲಿರುವ ಡಿ ಆನ್ಜಾ ಕಾಲೇಜಿಗೆ ನಾನು ಮೊದಲು ಹೋದಾಗ ನನ್ನದು ಎಚ್-4 ವೀಸಾ, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಮನೆಯವರಿಗೆ ಕೊಡುವುದು. ಕೆಲಸ ಮಾಡುವ ಹಾಗಿರಲಿಲ್ಲ, ಓದಬಹುದಿತ್ತು. ಸಂಜೆಯ ಅಕೌಂಟಿಂಗ್ ತರಗತಿಗೆ ಸೇರಿಕೊಂಡೆ. ಆ ಮೂರು ತಿಂಗಳು ಇಲ್ಲದಿದ್ದರೆ ಈ ಊರಲ್ಲಿ ನಾನು ಉಳಿಯುತ್ತಿದ್ದೆನೋ ಇಲ್ಲವೋ. ಹಾಗಾಗಿ ಪೌರತ್ವ ಬಂದ ಮೇಲಿನ ನನ್ನ ಮೊದಲ ಮತಪತ್ರದಲ್ಲಿ, 2020ರ ಮಾರ್ಚ್ 3ರ ಚುನಾವಣೆಯಲ್ಲಿ, ಅದೇ ಕಾಲೇಜಿನ ಹೆಸರು ಕಂಡಾಗ ಎರಡೆರಡು ಸಲ ಓದಿದೆ.

ಆ ಕಾಲೇಜನ್ನು ನಡೆಸುವ ಫುಟ್‌ಹಿಲ್-ಡಿ ಆನ್ಜಾ ಕಮ್ಯುನಿಟಿ ಕಾಲೇಜ್ ಡಿಸ್ಟ್ರಿಕ್ಟ್ ಮತದಾರರಿಗೆ ಎರಡು ಪ್ರಶ್ನೆ ಕೇಳಿತ್ತು. ಇಂಥ ಸ್ಥಳೀಯ ಪ್ರಶ್ನೆಗೆ ಇಲ್ಲಿ ಮೆಷರ್ ಅನ್ನುತ್ತಾರೆ, ಇಡೀ ರಾಜ್ಯದ ಪ್ರಶ್ನೆಗೆ ಪ್ರಾಪೊಸಿಷನ್. ಮೆಷರ್ ಜಿ: 89.8 ಕೋಟಿ ಡಾಲರಿನ ಬಾಂಡ್, ಅದರ ಸಾಲವನ್ನು ಆಸ್ತಿ ತೆರಿಗೆಯಿಂದ ತೀರಿಸುವುದು. ಮೆಷರ್ ಎಚ್: ಒಂದು ನಿವೇಶನಕ್ಕೆ ವರ್ಷಕ್ಕೆ 48 ಡಾಲರಿನಂತೆ ಐದು ವರ್ಷದ ಪಾರ್ಸೆಲ್ ತೆರಿಗೆ. ಬಾಂಡಿನ ಹಣ ಕಟ್ಟಡ, ಪ್ರಯೋಗಾಲಯ, ಸಲಕರಣೆಗೆ ಮಾತ್ರ. ಅದರಲ್ಲಿ ಪಾಠ ಮಾಡುವವರಿಗೆ ಸಂಬಳ ಕೊಡುವಂತಿಲ್ಲ. ಪಾರ್ಸೆಲ್ ತೆರಿಗೆಯ ಹಣಕ್ಕೆ ಆ ಕಟ್ಟು ಇಲ್ಲ.

ಗೆಲ್ಲುವ ಗೆರೆಗಳೂ ಬೇರೆ ಬೇರೆ. ಸ್ಥಳೀಯ ವಿಶೇಷ ತೆರಿಗೆಗಳಿಗೆ ಮೂರನೇ ಎರಡು ಭಾಗ ಮತ ಬೇಕು ಅನ್ನುವುದು 1978ರ ಪ್ರಾಪೊಸಿಷನ್ 13ರಿಂದ ಬಂದ ನಿಯಮ. ಬಾಂಡಿಗೂ ಮೊದಲು ಮೂರನೇ ಎರಡು ಭಾಗವೇ ಬೇಕಿತ್ತು. 2000ದಲ್ಲಿ ಪ್ರಾಪೊಸಿಷನ್ 39 ಶಾಲಾ ಕಾಲೇಜುಗಳ ಬಾಂಡಿಗೆ ಮಾತ್ರ ಅದನ್ನು ಶೇ. 55ಕ್ಕೆ ಇಳಿಸಿತು. ಕೊನೆಗೆ ಆದದ್ದು ಹೀಗೆ: ಎರಡಕ್ಕೂ ಅರ್ಧಕ್ಕಿಂತ ಹೆಚ್ಚು ಜನ ಹೌದು ಅಂದರು, ಬಾಂಡ್ ಗೆದ್ದಿತು, ತೆರಿಗೆ ಸೋತಿತು.

ನನಗೆ ಇದು ನುಂಗಲಾಗದ ತುತ್ತಾಯಿತು. ಯಾವ ಬೀದಿಯವರು ಒಂದಕ್ಕೆ ಹೌದು, ಇನ್ನೊಂದಕ್ಕೆ ಬೇಡ ಅಂದರು ಅಂತ ನೋಡಲೇಬೇಕು ಅನಿಸಿತು. ಕೆಲಸ ಹೇಗೂ ಅಂಕಿಅಂಶದ್ದೇ. ಮಾರ್ಚ್ 16ಕ್ಕೆ ಕೋವಿಡ್ಡಿನಿಂದ ಮನೆಯಲ್ಲೇ ಇರಿ ಅನ್ನುವ ಆದೇಶವೂ ಬಂತು. ರಾತ್ರಿ ಪಾತ್ರೆ ತೊಳೆದಿಟ್ಟು ಲ್ಯಾಪ್‌ಟಾಪ್ ತೆರೆಯುವುದು ದಿನಚರಿಯಾಯಿತು.

ಎಣಿಕೆ ಪೂರ್ತಿ ಮುಗಿದ ಮೇಲೆ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಮತದಾರರ ನೋಂದಣಿ ಕಚೇರಿ 'ಸ್ಟೇಟ್‌ಮೆಂಟ್ ಆಫ್ ವೋಟ್' ಅನ್ನುವ ದೊಡ್ಡ ಪಟ್ಟಿ ಪ್ರಕಟಿಸುತ್ತದೆ. ಪ್ರತಿ ಪ್ರಿಸಿಂಕ್ಟಿಗೆ, ಅಂದರೆ ಚುನಾವಣೆಯ ಲೆಕ್ಕಕ್ಕೆ ಊರನ್ನು ಒಡೆದ ಒಂದೊಂದು ಸಣ್ಣ ತುಂಡಿಗೆ, ನೋಂದಾಯಿತ ಮತದಾರರೆಷ್ಟು, ಬಂದ ಮತಪತ್ರ ಎಷ್ಟು, ಹೌದು ಎಷ್ಟು, ಇಲ್ಲ ಎಷ್ಟು ಅನ್ನುವುದೆಲ್ಲ ಅದರಲ್ಲಿರುತ್ತದೆ. ಅಂತಿಮ ಪಟ್ಟಿ ಬರುವ ತನಕ ಕಾಯಲೇಬೇಕು. ಅಂಚೆಯಲ್ಲಿ ತಡವಾಗಿ ಸೇರಿದ ಮತ, ಸಹಿ ತಾಳೆಯಾಗದೆ ಪಕ್ಕಕ್ಕಿಟ್ಟ ಮತ, ಎಲ್ಲ ಕೂಡಿಕೊಳ್ಳಲು ವಾರಗಟ್ಟಲೆ ಹಿಡಿಯುತ್ತದೆ. ಮೊದಲ ರಾತ್ರಿಯ ಅಂಕಿ ಹಿಡಿದು ಬಣ್ಣ ಬಳಿದ ನಕ್ಷೆಯನ್ನು ನಂಬಬೇಡಿ.

ಮೊದಲ ದಿನವೇ ಎಡವಿದೆ. ಎಲ್ಲ ಸಾಲು ಕೂಡಿದರೆ ಒಟ್ಟು ಮತ ಕೌಂಟಿಯ ಲೆಕ್ಕದ ಸರಿಯಾಗಿ ಎರಡರಷ್ಟು ಬಂತು! ಅರ್ಧ ಗಂಟೆ ಸೂತ್ರಗಳನ್ನೇ ತಿಕ್ಕುತ್ತಾ ಕೂತೆ. ಆಮೇಲೆ ಒಂದೇ ಪ್ರಿಸಿಂಕ್ಟ್ ಹಿಡಿದು ಬೆರಳಿಟ್ಟು ಓದಿದೆ: ಅಂಚೆ ಮತಕ್ಕೊಂದು ಸಾಲು, ಮತಕೇಂದ್ರದಲ್ಲಿ ಹಾಕಿದ್ದಕ್ಕೊಂದು ಸಾಲು, ಕೆಳಗೆ ಅವೆರಡರ ಮೊತ್ತ. ನಾನು ಮೊತ್ತವನ್ನೂ ಸೇರಿಸಿ ಕೂಡಿದ್ದೆ. ಅವತ್ತಿಂದ ನನ್ನ ಪದ್ಧತಿ ಒಂದೇ. ಬೇರೇನು ಮಾಡುವ ಮೊದಲೂ ನನ್ನ ಮೊತ್ತ ಪ್ರಕಟವಾದ ಮೊತ್ತಕ್ಕೆ ಒಂದು ಮತದ ವ್ಯತ್ಯಾಸವೂ ಇಲ್ಲದೆ ಕೂಡಿಬರಬೇಕು.

ಎರಡನೇ ತಪ್ಪು ಶೇಕಡಾವಾರಿನದು. ಒಂದು ಪ್ರಿಸಿಂಕ್ಟಿನಲ್ಲಿ 400 ಮತ, ಶೇ. 50 ಹೌದು, ಇನ್ನೊಂದರಲ್ಲಿ 40 ಮತ, ಶೇ. 80 ಹೌದು ಅಂದುಕೊಳ್ಳಿ. ಎರಡರ ಸರಾಸರಿ ತೆಗೆದರೆ ಶೇ. 65 ಬರುತ್ತದೆ, ಬಾಂಡ್ ಗೆದ್ದ ಹಾಗೆ ಕಾಣುತ್ತದೆ. ತಲೆ ಎಣಿಸಿದರೆ 440ರಲ್ಲಿ ಹೌದು 232, ಅಂದರೆ ಶೇ. 53ಕ್ಕೂ ಕಡಿಮೆ, ಸೋಲು. ಶೇಕಡಾವಾರುಗಳನ್ನು ಕೂಡಿ ಭಾಗಿಸುವ ಹಾಗಿಲ್ಲ, ಮತಗಳನ್ನೇ ಕೂಡಬೇಕು.

ಈ ನಡುವೆ ತಿಪಟೂರಿನಿಂದ ಅಪ್ಪನ ಫೋನು. ಅಪ್ಪ ಹೈಸ್ಕೂಲು ಮೇಷ್ಟ್ರಾಗಿದ್ದವರು, ಎಷ್ಟೋ ಚುನಾವಣೆಗೆ ಪ್ರಿಸೈಡಿಂಗ್ ಆಫೀಸರಾಗಿ ಕೂತವರು. ನಮ್ಮಲ್ಲಿ ಒಂದೊಂದು ಬೂತಿನ ಮತವೂ ಫಾರಂ 20ರಲ್ಲಿ ಸಿಗುವುದರಿಂದ ಅವರಿಗೆ ವಿಷಯ ತಕ್ಷಣ ಹತ್ತಿತು.

"ಅಂದ್ರೆ ಪ್ರಿಸಿಂಕ್ಟ್ ಅಂದ್ರೆ ಬೂತು ಅನ್ನಮ್ಮ."

ನಾನೂ ಹಾಗೇ ತಿಳಿದಿದ್ದೆ. ಆದರೆ 2020ರಿಂದ ಸಾಂತಾ ಕ್ಲಾರಾ ಕೌಂಟಿ ಹಳೆಯ ಮತಗಟ್ಟೆಗಳನ್ನು ಬಿಟ್ಟು ಎಲ್ಲರಿಗೂ ಅಂಚೆಯಲ್ಲಿ ಮತಪತ್ರ ಕಳಿಸಲು ಶುರುಮಾಡಿತ್ತು. ಕೌಂಟಿಯ ಯಾವ ಮತಕೇಂದ್ರಕ್ಕೆ ಬೇಕಾದರೂ ಹೋಗಬಹುದಿತ್ತು. ಪ್ರಿಸಿಂಕ್ಟ್ ಹೇಳುವುದು ಮತದಾರರ ಮನೆ ಎಲ್ಲಿದೆ ಅನ್ನುವುದನ್ನು, ಅವರು ಎಲ್ಲಿ ಮತ ಹಾಕಿದರು ಅನ್ನುವುದನ್ನಲ್ಲ. ಅಪ್ಪನಿಗೆ ಇದನ್ನು ಬಿಡಿಸಿ ಹೇಳುವಾಗಲೇ ನನಗೂ ಸರಿಯಾಗಿ ತಿಳಿದದ್ದು. ಕೊನೆಗೆ ಬಾಂಡು, ತೆರಿಗೆ ಎರಡರ ಕಥೆಯನ್ನೂ ಹೇಳಿದೆ.

"ಗೋಡೆಗೆ ದುಡ್ಡು ಸಿಕ್ತು, ಮೇಷ್ಟ್ರಿಗೆ ಸಿಗ್ಲಿಲ್ಲ ಅನ್ನು," ಅಂದರು ಅಪ್ಪ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನಕ್ಷೆ ಮಾಡುವುದು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದ ಕೆಲಸ. ಚುನಾವಣೆಗೆಂದು ಸಣ್ಣ ಪ್ರಿಸಿಂಕ್ಟುಗಳನ್ನು ಒಟ್ಟುಗೂಡಿಸಿರುತ್ತಾರೆ. ಗಡಿಗಳ ಕಡತದಲ್ಲಿ ಒಂದು ಸಂಖ್ಯೆ, ಫಲಿತಾಂಶದಲ್ಲಿ ಇನ್ನೊಂದು. ಬರ್ಕ್ಲಿಯ ಸ್ಟೇಟ್‌ವೈಡ್ ಡೇಟಾಬೇಸ್ ಇವೆರಡನ್ನು ಹೊಂದಿಸುವ ಪಟ್ಟಿಗಳನ್ನು ಉಚಿತವಾಗಿ ಕೊಡುತ್ತದೆ. ಅದು ಇರದಿದ್ದರೆ ನಾನು ಕೈಬಿಡುತ್ತಿದ್ದೆ.

ಕಾಲೇಜ್ ಡಿಸ್ಟ್ರಿಕ್ಟಿನ ಗಡಿ ಊರಿನ ಗಡಿಯನ್ನು ಅನುಸರಿಸುವುದಿಲ್ಲ. ಪಾಲೊ ಆಲ್ಟೊ, ಲಾಸ್ ಆಲ್ಟೋಸ್, ಮೌಂಟನ್ ವ್ಯೂ, ಸನ್ನಿವೇಲ್, ಕ್ಯೂಪರ್ಟಿನೊ ಇದರೊಳಗೆ. ಸ್ಯಾನ್ ಹೊಸೆಯ ಒಂದು ಚೂರು ಮಾತ್ರ ಇದರೊಳಗೆ. ಪಕ್ಕದಲ್ಲೇ ವೆಸ್ಟ್ ವ್ಯಾಲಿ-ಮಿಷನ್ ಡಿಸ್ಟ್ರಿಕ್ಟ್, ಆಚೆ ಫ್ರೀಮಾಂಟಿನವರದು ಓಲೋನಿ. ಡಿ ಆನ್ಜಾದಲ್ಲಿ ಓದುವ ಬಹಳಷ್ಟು ಮಕ್ಕಳು ಗಡಿಯಾಚೆಯವರು. ನನ್ನ ಪಕ್ಕ ಕೂತು ಪಾಠ ಕೇಳುತ್ತಿದ್ದ ಹುಡುಗಿ ಪೂರ್ವ ಸ್ಯಾನ್ ಹೊಸೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅವಳ ಮನೆಯವರ ಮತಪತ್ರದಲ್ಲಿ ಈ ಪ್ರಶ್ನೆ ಇರುವುದೇ ಇಲ್ಲ. ಇನ್ನೊಂದು ಕಡೆ, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಾ ಸನ್ನಿವೇಲಿನಲ್ಲಿ ಮನೆ ಕೊಂಡಿರುವ ನಮ್ಮ ಎಷ್ಟೋ ಕನ್ನಡದ ಕುಟುಂಬಗಳು ಬಾಂಡಿನ ತೆರಿಗೆ ಕಟ್ಟುತ್ತವೆ, ಮತ ಹಾಕುವಂತಿಲ್ಲ. ನಕ್ಷೆಯ ಬಣ್ಣದಲ್ಲಿ ಇವರಿಬ್ಬರೂ ಎಲ್ಲೂ ಕಾಣುವುದಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಬಣ್ಣ ಹಚ್ಚುವಾಗ ಶೇ. 50ರ ಗೆರೆ ಬೇಡ ಅಂತ ತೀರ್ಮಾನಿಸಿದೆ. ಜಿಗೆ 55, ಎಚ್‌ಗೆ 66.67 ಇಟ್ಟು ಎರಡು ನಕ್ಷೆ ಮಾಡಿ, ಮೂರನೆಯದರಲ್ಲಿ ಎರಡರ ನಡುವಿನ ಅಂತರ ತೋರಿಸಿದೆ. ಗೆರೆ ಅನ್ವಯಿಸುವುದು ಇಡೀ ಡಿಸ್ಟ್ರಿಕ್ಟಿನ ಮೊತ್ತಕ್ಕೆ, ಬಿಡಿ ಪ್ರಿಸಿಂಕ್ಟಿಗಲ್ಲ ಅಂತ ಮೂರಕ್ಕೂ ಕೆಳಗೆ ಬರೆದೆ.

ಗೆಳತಿಯೊಬ್ಬಳಿಗೆ ನಕ್ಷೆ ಕಳಿಸಿದಾಗ ಅವಳ ಮೊದಲ ಪ್ರಶ್ನೆ: "ನಮ್ಮವರು ಹೇಗೆ ಹಾಕಿದಾರೆ ಕಣೇ?"

ಗೊತ್ತಾಗಲ್ಲ ಅಂದೆ. ಭಾರತೀಯರು ಹೆಚ್ಚಿರುವ ಬೀದಿಯಲ್ಲಿ ಹೌದು ಹೆಚ್ಚಿದ್ದರೆ ಆ ಹೌದು ಭಾರತೀಯರದ್ದೇ ಅಂತ ಹೇಳಲು ಬರುವುದಿಲ್ಲ. ಅದೇ ಬೀದಿಯಲ್ಲಿ ಬೇರೆಯವರೂ ಇದ್ದಾರೆ, ನಮ್ಮವರಲ್ಲಿ ಮತ ಇಲ್ಲದವರೂ ಇದ್ದಾರೆ. ಮತದಾರರ ಪಟ್ಟಿಯ ಹೆಸರು ನೋಡಿ ಅಂದಾಜು ಹಾಕುವ ವಿಧಾನಗಳೂ ಇವೆ. ನಾನು ಅದಕ್ಕೆ ಕೈ ಹಾಕಲಿಲ್ಲ. ಅಕ್ಕಪಕ್ಕದವರ ಮತವನ್ನು ಹೆಸರಿಟ್ಟು ಊಹಿಸುವುದು ನನಗೆ ಒಗ್ಗುವುದಿಲ್ಲ.

ಆದರೆ ಅದೇ ಪಟ್ಟಿಯ ಕೊನೆಯ ಅಂಕಣ ನನ್ನ ಕಣ್ಣು ತೆರೆಸಿತು. 'ಅಂಡರ್ ವೋಟ್': ಮತಪತ್ರ ಬಂದಿದೆ, ಈ ಪ್ರಶ್ನೆಗೆ ಮಾತ್ರ ಗುರುತು ಹಾಕಿಲ್ಲ. ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಮೇಲೆಯೇ ಸಿಗುತ್ತಾರೆ. ಊರಿನ ಪ್ರಶ್ನೆಗಳು ಕೊನೆಯಲ್ಲಿ. ಕೈ ಅಲ್ಲಿಗೆ ಮುಟ್ಟುವ ಹೊತ್ತಿಗೆ ದಣಿದಿರುತ್ತದೆ. ಸಾಲದ್ದಕ್ಕೆ ಆ ಸಲ ರಾಜ್ಯದ ಶಾಲಾ ಬಾಂಡಿಗೂ ಪ್ರಾಪೊಸಿಷನ್ 13 ಅನ್ನುವ ಅದೇ ಹಳೆಯ ಸಂಖ್ಯೆ ಬಿದ್ದಿತ್ತು. ನಮ್ಮ ಸಾಲಿನಲ್ಲೇ ಇಬ್ಬರು ಅದನ್ನು 1978ರದ್ದು ಅಂದುಕೊಂಡಿದ್ದರು. ರಾಜ್ಯದಲ್ಲಿ ಅದು ಸೋತಿತು.

ಮೂರನೇ ಎರಡು ಭಾಗದ ಲೆಕ್ಕಕ್ಕೆ ಖಾಲಿ ಬಿಟ್ಟವರು ಸೇರುವುದಿಲ್ಲ, ಹೌದು ಮತ್ತು ಇಲ್ಲ ಮಾತ್ರ. ಅಲ್ಲಿ ಒಂದು ಇಲ್ಲವನ್ನು ಸರಿದೂಗಿಸಲು ಎರಡು ಹೌದು ಬೇಕು. ಖಾಲಿ ಬಿಟ್ಟ ಒಬ್ಬೊಬ್ಬರ ಹಾಳೆಯ ಮೇಲೂ ಆ ಕಾಲೇಜಿನ ಹೆಸರು ಓದದೆ ಉಳಿದಿರಬಹುದು ಅನಿಸಿತು.

ಅದೇ ವರ್ಷದ ನವೆಂಬರ್ ಚುನಾವಣೆಗೆ ನಮ್ಮ ಪಕ್ಕದ ಮನೆಯ ಆಂಟಿಗೆ ಮೊದಲ ಮತಪತ್ರ ಬಂತು. ಮಾಸ್ಕ್ ಹಾಕಿಕೊಂಡು ಅವರ ಹಿತ್ತಲಿನ ಮೇಜಿನ ಎರಡು ತುದಿಯಲ್ಲಿ ಕೂತೆವು. ಕನ್ನಡದ ಮತಪತ್ರ ಇರಲಿಲ್ಲ. ಒಂದೊಂದು ವಾಕ್ಯ ನಾನು ಕನ್ನಡದಲ್ಲಿ ಹೇಳುವುದು, ಗುರುತು ಅವರೇ, ನನಗೆ ಕಾಣದ ಹಾಗೆ ಹಾಕುವುದು ಅಂತ ಒಪ್ಪಂದ. ಅವರು ಮೊದಲ ಹಾಳೆ ತೆಗೆದುಕೊಂಡರು.

"ಆಂಟಿ, ಹಿಂದಿನಿಂದ ಓದೋಣ," ಅಂತ ನಾನು ಕೊನೆಯ ಹಾಳೆ ಅವರ ಕಡೆ ಸರಿಸಿದೆ.