ತೂಕ ಏರಿಸಿದ ಬಾಕ್ಸರನ್ನು ನಾನು ತೂಗಿದ್ದು

ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ನಾನು 64 ಕೆಜಿ ಇದ್ದೆ. ಒಂದಿನ ಬಾಕ್ಸಿಂಗ್ ಅಭ್ಯಾಸಕ್ಕೆ ಜೋಡಿ ಸಿಗಲಿಲ್ಲ ಅಂತ 78 ಕೆಜಿಯ ಹುಡುಗನ ಎದುರು ಗ್ಲೌಸ್ ಹಾಕಿದೆ. ಅವನ ಹೊಡೆತ ಹೇಗೋ ತಡೆದುಕೊಂಡೆ. ತಬ್ಬಿ ಹಿಡಿದಾಗ ಮಾತ್ರ ಸಾಕಾಯಿತು. ಎದೆಯನ್ನು ನನ್ನ ಕತ್ತಿನ ಮೇಲಿಟ್ಟು ಸುಮ್ನೆ ಭಾರ ಬಿಡುತ್ತಿದ್ದ, ಅಷ್ಟೇ. ಎರಡನೇ ರೌಂಡ್ ಮುಗಿಯುವಷ್ಟರಲ್ಲಿ ನನ್ನ ತೊಡೆ ನಡುಗುತ್ತಿತ್ತು.

ಈ ನೆನಪು ಮತ್ತೆ ಕೆಲಸಕ್ಕೆ ಬಂದದ್ದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಗಿರ್ಮಿಟ್ ತಿನ್ನುತ್ತಾ ಗೆಳೆಯನ ಜೊತೆ ವಾದಕ್ಕಿಳಿದಾಗ. ಹಗುರ ವರ್ಗದಿಂದ ಬಾಕ್ಸಿಂಗಿನ ಅತಿ ಭಾರದ ವರ್ಗವಾದ ಹೆವಿವೇಟ್‌ಗೆ ಏರಿದವರಲ್ಲಿ ಯಾರು ದೊಡ್ಡವನು ಅನ್ನೋದೇ ವಾದ; ನಾನು ಇವಾಂಡರ್ ಹೋಲಿಫೀಲ್ಡ್ ಕಡೆ. "ರಾಯ್ ಜೋನ್ಸ್ ಮಿಡಲ್‌ವೇಟ್‌ನಿಂದ ಹೋಗಿ ಹೆವಿವೇಟ್ ಬೆಲ್ಟ್ ಗೆದ್ದಾನಪಾ. ನಿನ್ನ ಹೋಲಿಫೀಲ್ಡ್ ಎಷ್ಟ ಸಲ ಸೋತಾನ ನೋಡು" ಅಂದ. ಬಾಯಲ್ಲಿ ಉತ್ತರ ಬರಲಿಲ್ಲ. ಮನೆಗೆ ಬರುವಾಗ ಒಂದು ನೋಟ್‌ಬುಕ್ ಕೊಂಡೆ.

ಹಳೆಯ ಪಂದ್ಯಗಳನ್ನು ಒಂದೊಂದಾಗಿ ಹಾಕಿದೆ. ಕಾಮೆಂಟರಿ ಕೇಳಿದರೆ ಕಣ್ಣು ಕೆಡುತ್ತದೆ, ಹಾಗಾಗಿ ಸೌಂಡ್ ಬಂದ್. ಒಂದು ರೌಂಡಿನ ಅಂಕ ಬರೆಯದೆ ಮುಂದಿನದು ನೋಡುತ್ತಿರಲಿಲ್ಲ. ಪುಟದ ಮೇಲ್ಭಾಗದಲ್ಲಿ ಇಬ್ಬರ ತೂಕ. ಅದರ ಕೆಳಗೆ, ಎದುರಾಳಿ ಅವತ್ತು ಯಾವ ಸ್ಥಿತಿಯಲ್ಲಿದ್ದ ಅಂತ ಒಂದು ಸಾಲು.

ಈ ಒಂದು ಸಾಲೇ ನನ್ನ ಲೆಕ್ಕ ತಲೆಕೆಳಗು ಮಾಡಿತು. 1990ರಲ್ಲಿ ಹೋಲಿಫೀಲ್ಡ್ 208 ಪೌಂಡ್, ಬಸ್ಟರ್ ಡಗ್ಲಸ್ 246. ಮೂರನೇ ರೌಂಡಿನಲ್ಲಿ ಹೋಲಿಫೀಲ್ಡ್ ಅವನನ್ನು ನಾಕೌಟ್ ಮಾಡಿದ. ಕಾಗದದಲ್ಲಿ ಭಾರೀ ಗೆಲುವು. ಆದರೆ ಡಗ್ಲಸ್ ಹೊಟ್ಟೆ ನೋಡಿದರೆ ಸಾಕು, ತಯಾರಿ ಮಾಡದೆ ಬಂದವನು. ಆ ಗೆಲುವಿನ ಅಂಕ ಕಡಿಮೆ ಮಾಡಿದೆ. 1992ರಲ್ಲಿ ರಿಡಿಕ್ ಬೋ ಎದುರು ಹೋಲಿಫೀಲ್ಡ್ ಸೋತ, 205ಕ್ಕೆ 235. ಆ ಹತ್ತನೇ ರೌಂಡ್ ನೋಡಬೇಕು! ಬೋ ಹೊಡೆತಕ್ಕೆ ತತ್ತರಿಸಿ, ಕಾಲು ನಿಲ್ಲದೆ, ಅದೇ ರೌಂಡ್ ಮುಗಿಯುವ ಮೊದಲು ತಿರುಗಿ ಹೊಡೆಯುತ್ತಿದ್ದ. ನನ್ನ ಪುಸ್ತಕದಲ್ಲಿ ಆ ಸೋಲಿಗೆ ಡಗ್ಲಸ್ ಗೆಲುವಿಗಿಂತ ಜಾಸ್ತಿ ಅಂಕ. ಮರುವರ್ಷ ಬೋನನ್ನು ಸೋಲಿಸಿಯೂ ಬಿಟ್ಟ.

ಜೋನ್ಸ್ ಪುಟ ಬೇಗ ಮುಗಿಯಿತು. 2003ರ ಮಾರ್ಚ್, ಎದುರಾಳಿ ಜಾನ್ ರೂಯಿಜ್, 193ಕ್ಕೆ 226. ಚೆಂದದ ಪಂದ್ಯ, ರೂಯಿಜ್‌ಗೆ ತಬ್ಬಿಕೊಳ್ಳಲು ಆಸ್ಪದವನ್ನೇ ಕೊಡಲಿಲ್ಲ. ಆದರೆ ಅಲ್ಲಿ ಗೆದ್ದ ಹೆವಿವೇಟ್ ಬೆಲ್ಟ್ ಉಳಿಸಿಕೊಳ್ಳಲು ನಿಲ್ಲದೆ, ತನ್ನ ಹಳೆಯ ಹಗುರ ವರ್ಗವಾದ ಲೈಟ್ ಹೆವಿವೇಟ್‌ಗೆ ವಾಪಸ್ ಹೋದ. ಊರಿಗೆ ಬಂದು ಒಂದು ರಾತ್ರಿ ಇದ್ದು ಹೋದವನನ್ನು ಆ ಊರವನು ಅನ್ನೋಕಾಗಲ್ಲ, ಅಲ್ವಾ?

ನೋಟ್‌ಬುಕ್ಕಿನಲ್ಲಿ ಮೂರನೆಯವನು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್. ಅವನ ಬಗ್ಗೆ ತಕರಾರೇ ಇಲ್ಲ. ಹೋಲಿಫೀಲ್ಡ್ ಹಾಗೆ ಅವನೂ ಹೆವಿವೇಟ್‌ಗಿಂತ ಕೆಳಗಿನ ವರ್ಗವಾದ ಕ್ರೂಸರ್‌ವೇಟ್‌ನ ಎಲ್ಲ ಬೆಲ್ಟ್ ಗೆದ್ದೇ ಮೇಲೆ ಬಂದವನು. ಹೆವಿವೇಟ್‌ನಲ್ಲಿ ಆಂಥನಿ ಜೋಶುವಾನನ್ನು ಎರಡು ಸಲ, 2024ರಲ್ಲಿ ಟೈಸನ್ ಫ್ಯೂರಿಯನ್ನು ಎರಡು ಸಲ ಸೋಲಿಸಿದ. ಎರಡನೇ ಸಲ ಫ್ಯೂರಿ 281 ಪೌಂಡ್, ಇವನು 226. ತಬ್ಬಲು ಬಂದವನಿಗೆ ಇವನು ಒಂದು ಹೆಜ್ಜೆ ಪಕ್ಕದಲ್ಲಿರುತ್ತಿದ್ದ. ಅದನ್ನು ನೋಡುವಾಗ ನನ್ನ ಕತ್ತು ತಾನಾಗಿ ಬಿಗಿಯಾಯಿತು. ಉಸಿಕ್‌ಗೆ ಮೊದಲ ಸ್ಥಾನ, ಹೋಲಿಫೀಲ್ಡ್‌ಗೆ ಎರಡನೇದು ಕೊಟ್ಟೆ.

ಒಂದು ಪುಟ ಮಾತ್ರ ಗೆಳೆಯನಿಗೆ ತೋರಿಸಿಲ್ಲ. 1999ರ ಮಾರ್ಚ್‌ನಲ್ಲಿ ಹೋಲಿಫೀಲ್ಡ್ ಮತ್ತು ಲೆನಾಕ್ಸ್ ಲೂಯಿಸ್ ಪಂದ್ಯವನ್ನು ಡ್ರಾ ಅಂದರು. ನಾನು ಮೂರು ಸಲ ಅಂಕ ಹಾಕಿದೆ. ಮೂರೂ ಸಲ ಲೂಯಿಸ್ ಗೆದ್ದ.